ಜೆಟ್ ಸ್ಕೀ ಎಂಜಿನ್ ಒಳಗೆ ನೀರು ಹೋಗಿದೆ, ಆದರೆ ದೋಣಿಯ ಹೊಟ್ಟೆಯಲ್ಲಿ ನೀರಿಲ್ಲ. ಎಲ್ಲಿಂದ ಬಂತು?

ಇಲವಾಲ_ಹಿನ್ನೀರು (ಸೋಮವಾರ ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ. ತುಂಬ ಗಾಬರಿಯಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಗಾಡಿ ಯಮಹಾ ವೇವ್‌ರನ್ನರ್ ವಿಎಕ್ಸ್, ನೀರಿನ ಮೇಲೆ ಬೈಕಿನ ಹಾಗೆ ಕೂತು ಓಡಿಸುವ ಜೆಟ್ ಸ್ಕೀ. ಫೋರ್ ಸ್ಟ್ರೋಕ್, 3 ಸಿಲಿಂಡರ್, 1049 ಸಿಸಿ. ನನ್ನದಲ್ಲ, ನಮ್ಮ ಭಾವನದು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಂದರು. ಅನುಮತಿ ತೆಗೆದುಕೊಂಡು ಕನ್ನಂಬಾಡಿ (ಕೆಆರ್‌ಎಸ್) ಹಿನ್ನೀರಿನಲ್ಲಿ ಓಡಿಸುತ್ತೇವೆ. ತೊಳೆಯುವುದು, ಗ್ರೀಸ್ ಹಾಕುವುದು, ಟ್ರೇಲರ್‌ಗೆ ಹತ್ತಿಸಿ ಇಲವಾಲದ ಶೆಡ್ಡಿಗೆ ತರುವುದು ಎಲ್ಲ ನನ್ನ ಕೆಲಸ. ಬೈಕ್ ರಿಪೇರಿ ತಕ್ಕಮಟ್ಟಿಗೆ ಗೊತ್ತು. ಇದರ ಎಂಜಿನ್ ಮಾತ್ರ ಇದುವರೆಗೆ ಬಿಚ್ಚಿಲ್ಲ.

ನಿನ್ನೆ ಮಧ್ಯಾಹ್ನ ದಡದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ಹೋದಾಗ ಪೆಟ್ರೋಲ್ ಮುಗಿಯಿತು. ಗೇಜು ನೋಡದೆ ಹೋಗಿದ್ದು ನನ್ನದೇ ತಪ್ಪು. ಮೀನು ಹಿಡಿಯುವವರ ಮೋಟಾರ್ ದೋಣಿ ಹತ್ತಿರ ಬಂತು. ಪಾಪ, ಕೇಳುವ ಮೊದಲೇ ಹಗ್ಗ ಎಸೆದರು. ಮಳೆ ಮೋಡ ಕಟ್ಟಿತ್ತು, ಗಾಳಿಯೂ ಎದ್ದಿತ್ತು, ಅದಕ್ಕೆ ಬೇಗ ಎಳೆದುಕೊಂಡು ಬಂದರು. ಏಳೆಂಟು ನಿಮಿಷದಲ್ಲಿ ದಡಕ್ಕೆ ಬಂದೆವು.

ದಡದಲ್ಲಿ ಕ್ಯಾನ್‌ನಿಂದ ಐದು ಲೀಟರ್ ಪೆಟ್ರೋಲ್ ಹಾಕಿ ಸೆಲ್ಫ್ ಒತ್ತಿದೆ. 'ಟಕ್' ಅಂತ ಒಂದು ಸದ್ದು, ಅಷ್ಟೇ. ಬ್ಯಾಟರಿ ಇಳಿದಿರಬೇಕು ಅಂದುಕೊಂಡು ಕಾರಿನ ಬ್ಯಾಟರಿಯಿಂದ ಕೇಬಲ್ ಕೊಟ್ಟೆ. ನಾಲ್ಕು ಸಲ ಒತ್ತಿದೆ. ಮೂರು ಸಲ ಅದೇ ಟಕ್. ನಾಲ್ಕನೇ ಸಲ ಅರ್ಧ ಸುತ್ತು ತಿರುಗಿ ಗೋಡೆಗೆ ಗುದ್ದಿದ ಹಾಗೆ ನಿಂತಿತು. ಆಮೇಲೆ ಮುಟ್ಟಿಲ್ಲ.

ಈಗ ತಲೆಗೆ ಹೋಗದ ವಿಷಯ. ಸೀಟು ತೆಗೆದು ನೋಡಿದರೆ ಹೊಟ್ಟೆಯೊಳಗೆ ಎರಡು ಚೊಂಬು ನೀರೂ ಇಲ್ಲ. ಹಿಂದಿನ ಎರಡೂ ಡ್ರೈನ್ ಪ್ಲಗ್ ಬಿಗಿಯಾಗಿಯೇ ಇದ್ದವು. ಗಾಡಿ ಮಗುಚಿಲ್ಲ. ಎಂಜಿನ್‌ಗೆ ಗಾಳಿ ಹೋಗುವ ಏರ್ ಬಾಕ್ಸ್ ಒಳಗೆ ಬೆರಳಾಡಿಸಿದೆ, ಒಣಗಿದೆ. ಆದರೆ ಇವತ್ತು ಬೆಳಗ್ಗೆ ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಕಾಫಿ ಬಣ್ಣ! ಮಟ್ಟವೂ ಮೇಲಿನ ಗುರುತು ದಾಟಿದೆ.

ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ "ಎಂಜಿನ್ ಹೋಗಿದೆ, ಬೇರೆ ಎಂಜಿನ್ ಹಾಕಬೇಕು, ಎರಡು ವಾರ ಬಿಟ್ಟು ಕಳಿಸಿ" ಅಂದರು. ಭಾವನಿಗೆ ಇನ್ನೂ ಹೇಳಿಲ್ಲ. ಅವರು ಸಾಲ ಮಾಡಿ ತಂದ ಗಾಡಿ. ದಸರಾ ಬೇರೆ ಹತ್ತಿರ ಬರುತ್ತಿದೆ.

ಈ ನೀರು ಎಲ್ಲಿಂದ ಬಂತು? ಎಂಜಿನ್ ನಿಜವಾಗಿಯೂ ಹೋಯಿತಾ? ಶೆಡ್ಡಿನಲ್ಲೇ ನಾನು ಏನಾದರೂ ಮಾಡಬಹುದಾ?

---

ಮೈಸೂರು_ಬೈಕ್‌ಸವಾರ

ಮೊದಲು ಧೈರ್ಯ ತೆಗೆದುಕೊಳ್ಳಿ. ನನ್ನ ಬೈಕು ಒಂದು ಮಳೆಗಾಲದಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಟ್ಯಾಂಕ್‌ವರೆಗೂ ಮುಳುಗಿತ್ತು. ಪ್ಲಗ್ ತೆಗೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿದೆ. ಮೂರನೇ ದಿನ ಸ್ಟಾರ್ಟ್ ಆಯಿತು. ನೀವೂ ಸೀಟು ತೆಗೆದು ಬಿಸಿಲಿಗೆ ಬಿಡಿ, ನೀರು ತಾನಾಗಿ ಆರುತ್ತದೆ ಅನಿಸುತ್ತದೆ.

---

ಗದ್ದೆಬಯಲು_ಪಾಂಡವಪುರ

ಸೆಲ್ಫ್ ಮಾತ್ರ ಮುಟ್ಟಬೇಡಿ ಅಣ್ಣ. ನಮ್ಮ ಕಡೆ ಪಂಪ್‌ಸೆಟ್ ಎಂಜಿನ್ ಮುಳುಗಿದಾಗ ಆಯಿಲ್ ಇಳಿಸಿ, ಡೀಸೆಲ್ ಹುಯ್ದು ತಿರುಗಿಸಿ, ತೊಳೆದು, ಹೊಸ ಆಯಿಲ್ ಹಾಕುತ್ತಾರೆ. ಇದಕ್ಕೂ ಅದು ನಡೆಯುತ್ತದಾ ಗೊತ್ತಿಲ್ಲ. ಪಟ್ಟಣದ ಮೇಸ್ತ್ರಿ ಅವರು ಈ ಗುಂಪಿನಲ್ಲಿದ್ದಾರೆ. ಮಲ್ಪೆಯಲ್ಲಿ ದೋಣಿ ಎಂಜಿನ್ ಕೆಲಸ ಮಾಡಿ ಬಂದವರು. ಅವರು ನೋಡಿದರೆ ಖಂಡಿತ ಹೇಳುತ್ತಾರೆ.

---

ಪಟ್ಟಣದ_ಮೇಸ್ತ್ರಿ

ತಮ್ಮಾ, ಈಗ ನೋಡಿದೆ. ಮಧ್ಯಾಹ್ನದ ಊಟ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ನಿಮಗೆ ಇರುವುದು ಇವತ್ತಿನ ದಿನ. ನಾಳೆಗೆ ಅಂತ ಇಡಬೇಡಿ.

ಮೊದಲು ನೀರು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅದು ಗೊತ್ತಾಗದೆ ಎಂಜಿನ್ ಸರಿ ಮಾಡಿದರೆ ಮತ್ತೆ ಇದೇ ಆಗುತ್ತದೆ. ನಿಮ್ಮ ಗಾಡಿಯಲ್ಲಿ ರೇಡಿಯೇಟರ್ ಇಲ್ಲ. ಹಿಂದೆ ಜೆಟ್ ಪಂಪ್ ಇದೆಯಲ್ಲ, ಅದು ನೂಕುವ ನೀರಿನಲ್ಲಿ ಸ್ವಲ್ಪ ಭಾಗ ಒಂದು ಹೋಸ್ ಮೂಲಕ ಎಂಜಿನ್ ಕಡೆ ಬರುತ್ತದೆ. ಎಂಜಿನ್ನನ್ನೂ ಎಕ್ಸಾಸ್ಟನ್ನೂ ತಣ್ಣಗೆ ಮಾಡಿ, ಕೊನೆಗೆ ಹೊಗೆಯ ಜೊತೆ ಸೇರಿ ವಾಟರ್ ಬಾಕ್ಸ್ ಅನ್ನುವ ಸೈಲೆನ್ಸರ್ ಒಳಗೆ ಬೀಳುತ್ತದೆ. ಅಲ್ಲಿಂದ ಅದನ್ನು ಹೊರಗೆ ತಳ್ಳುವುದು ಯಾವುದು? ಎಂಜಿನ್ನಿನ ಹೊಗೆಯ ಒತ್ತಡ. ಬೇರೆ ಯಾವುದೂ ಇಲ್ಲ.

ನಿನ್ನೆ ಏನಾಯಿತು ನೋಡಿ. ಎಂಜಿನ್ ನಿಂತಿತ್ತು. ಎರಡು ಕಿಲೋಮೀಟರ್ ಎಂಟು ನಿಮಿಷದಲ್ಲಿ ಬಂದಿರಿ ಅಂದರೆ ಗಂಟೆಗೆ 15 ಕಿಲೋಮೀಟರ್ ವೇಗ. ಆ ವೇಗದಲ್ಲಿ ಎಳೆದಾಗ ನೀರು ತಾನಾಗಿಯೇ ಪಂಪ್ ಒಳಗೆ ನುಗ್ಗಿ ಅದೇ ಹೋಸ್‌ನಲ್ಲಿ ಮೇಲೆ ಹತ್ತುತ್ತದೆ. ಹೊರಗೆ ತಳ್ಳುವ ಹೊಗೆ ಇಲ್ಲ. ವಾಟರ್ ಬಾಕ್ಸ್ ತುಂಬಿತು. ಅದು ತುಂಬಿದ ಮೇಲೆ ಎಕ್ಸಾಸ್ಟ್ ಪೈಪಿನಲ್ಲಿ ಹಿಂದಕ್ಕೆ ಬಂತು. ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿತ್ತೋ ಅದರೊಳಗೆ ಇಳಿಯಿತು. ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೆಳಗೆ ಜಾರಿ ಆಯಿಲ್ ಸೇರಿತು. ಹೊಟ್ಟೆ ಒಣಗಿದ್ದು, ಏರ್ ಬಾಕ್ಸ್ ಒಣಗಿದ್ದು, ಆಯಿಲ್ ಮಾತ್ರ ಕೆಟ್ಟಿದ್ದು, ಮೂರಕ್ಕೂ ಇದೊಂದೇ ಕಾರಣ.

ಯಮಹಾ ಪುಸ್ತಕದಲ್ಲಿ ಇದನ್ನು ಬರೆದೇ ಇದ್ದಾರೆ: ಎಳೆಯುವಾಗ ಗಂಟೆಗೆ 8 ಕಿಲೋಮೀಟರ್ ದಾಟಬಾರದು, ತಣ್ಣೀರು ಬರುವ ಹೋಸನ್ನು ಕ್ಲಾಂಪ್ ಹಾಕಿ ಹಿಸುಕಿರಬೇಕು. ಮೀನುಗಾರರ ತಪ್ಪು ಇದರಲ್ಲಿ ಏನೂ ಇಲ್ಲ. ದೋಣಿಯ ಹಿಂದೆ ಹೊರಗಡೆ ಕೂರುವ ಅವರ ಔಟ್‌ಬೋರ್ಡ್ ಮೋಟಾರಿಗೆ ಈ ತೊಂದರೆ ಇಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ಆ ಟಕ್ ಸದ್ದು. ಗಾಳಿಯನ್ನು ಪಿಸ್ಟನ್ ಒತ್ತಿದರೆ ಅದು ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿ ಅಲ್ಲೇ ನಿಲ್ಲುತ್ತದೆ. ಹೈಡ್ರೋಲಾಕ್ ಅಂತ ಕರೆಯುವುದು ಇದನ್ನೇ. ಎಂಜಿನ್ ಜೋರಾಗಿ ಓಡುತ್ತಿರುವಾಗ ಹೀಗಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ನಿಮ್ಮದು ಓಡುತ್ತಿರಲಿಲ್ಲ, ಬರೀ ಸೆಲ್ಫ್ ಬಲ. ಹಾಗಾಗಿ ರಾಡ್ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಕಾರ್ ಬ್ಯಾಟರಿ ಕೊಟ್ಟು ನಾಲ್ಕು ಸಲ ಒತ್ತಿದ್ದು ಮನಸ್ಸಿಗೆ ಹಿಡಿಸಲಿಲ್ಲ, ಆದರೂ ಪರೀಕ್ಷೆ ಮಾಡಿ ನೋಡೋಣ. ಗಾಡಿ ನೋಡದೆ ಎಂಜಿನ್ ಹೋಗಿದೆ ಅಂತ ಯಾರು ಹೇಳಿದರೂ ಈಗಲೇ ಒಪ್ಪಬೇಡಿ.

ಪಾಂಡವಪುರದವರು ಪಂಪ್‌ಸೆಟ್ ಮಾತು ಎತ್ತಿದರು. 2019ರ ಆಗಸ್ಟ್‌ನಲ್ಲಿ ಕಾವೇರಿ ಏರಿದಾಗ ನಮ್ಮ ಶ್ರೀರಂಗಪಟ್ಟಣದ ದಡದಲ್ಲಿ ಮುಳುಗಿದ್ದ ಡೀಸೆಲ್ ಎಂಜಿನ್‌ಗಳು ನನ್ನ ಶೆಡ್ಡಿಗೆ ಸಾಲಾಗಿ ಬಂದವು. ಅವುಗಳಲ್ಲಿ ಒಂದು ಅನುಕೂಲ ಇದೆ. ತಲೆಯ ಮೇಲೆ ಡಿಕಂಪ್ರೆಷನ್ ಲಿವರ್ ಇರುತ್ತದೆ. ಅದನ್ನು ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದರೆ ವಾಲ್ವ್ ತೆರೆದು ನೀರು ಹೊರಗೆ ಬರುತ್ತದೆ, ಒಳಗೆ ಏನೂ ಮುರಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಆ ಲಿವರ್ ಇಲ್ಲ. ಅದರ ಬದಲು ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಮೂರನ್ನೂ.

ಕೆಲಸ ಹೀಗೆ ಮಾಡಿ. ಸೀಟು, ಮುಂದಿನ ಮುಚ್ಚಳ ತೆಗೆದು ಹತ್ತು ನಿಮಿಷ ಹಾಗೇ ಬಿಡಿ, ಒಳಗಿನ ಪೆಟ್ರೋಲ್ ವಾಸನೆ ಹೋಗಲಿ. ಬ್ಯಾಟರಿ ವೈರ್ ಬಿಚ್ಚಿ. ಪ್ಲಗ್ ತೂತಿನ ಸುತ್ತ ಕಸ ಊದಿ, ಆಮೇಲೆ ಪ್ಲಗ್ ಬಿಚ್ಚಿ. ಕಾಯಿಲ್ ಕನೆಕ್ಟರ್, ಇಂಜೆಕ್ಟರ್ ಕನೆಕ್ಟರ್ ಎರಡನ್ನೂ ಕಳಚಿ. ಇದನ್ನು ಮರೆಯಲೇಬೇಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುವಾಗ ಪಕ್ಕದಲ್ಲಿ ಒಂದು ಕಿಡಿ ಹಾರಿದರೆ ಸಾಕು. ಮಲ್ಪೆಯಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನ ಕೈ ಸುಟ್ಟಿದ್ದು ಹೀಗೆಯೇ. ಇವತ್ತಿಗೂ ಅವನ ಬೆರಳು ಪೂರ್ತಿ ಮಡಚುವುದಿಲ್ಲ.

ಮೊದಲು ಕೈಯಲ್ಲೇ ತಿರುಗಿಸಿ. ಎಂಜಿನ್ ಹಿಂದೆ, ಜೆಟ್ ಪಂಪನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಕಪ್ಲಿಂಗ್ (ಜೋಡಣೆ) ಇದೆ, ಓಡುವ ದಿಕ್ಕಿಗೇ ತಿರುಗಿಸಿ. ಎರಡು ಮೂರು ಸುತ್ತು ಎಲ್ಲೂ ಹಿಡಿಯದೆ ತಿರುಗಿದರೆ ಅರ್ಧ ಗೆದ್ದ ಹಾಗೆ. ಆಮೇಲೆ ತೂತುಗಳ ಮೇಲೆ ದಪ್ಪ ಬಟ್ಟೆ ಹಾಕಿ, ಬ್ಯಾಟರಿ ಕೊಟ್ಟು ಸೆಲ್ಫ್ ಒತ್ತಿ. ಒಂದು ಸಲಕ್ಕೆ ಐದು ಸೆಕೆಂಡು ಸಾಕು, ನಡುವೆ ಸೆಲ್ಫ್ ಮೋಟಾರಿಗೆ ಉಸಿರಾಡಲು ಬಿಡಿ. ಮುಖ ಮೇಲೆ ಇಡಬೇಡಿ, ನೀರು ಕಾರಂಜಿಯ ಹಾಗೆ ಹಾರುತ್ತದೆ. ಬರೀ ಗಾಳಿ ಬರುವವರೆಗೆ ಮಾಡಿ. ಮುಗಿದ ತಕ್ಷಣ ಪ್ರತಿ ಸಿಲಿಂಡರಿಗೂ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಗೋಡೆಗೆಲ್ಲ ಆಯಿಲ್ ಹತ್ತಬೇಕು.

ಬಿಸಿಲಿಗಿಡಿ ಅಂದ ಸಹೋದರರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೈಕು ಪುಣ್ಯಕ್ಕೆ ಉಳಿಯಿತು. ಮುಚ್ಚಿದ ಸಿಲಿಂಡರಿನಲ್ಲಿ ನೀರು ಆರುವುದಿಲ್ಲ, ಬಿಸಿಗೆ ಬೆವರಿ ಎಲ್ಲ ಕಡೆ ಹರಡುತ್ತದೆ. ಆ ಎರಡು ದಿನದಲ್ಲಿ ಸಿಲಿಂಡರ್ ಗೋಡೆ, ವಾಲ್ವ್ ಸೀಟು, ಬೇರಿಂಗ್ ಎಲ್ಲಕ್ಕೂ ತುಕ್ಕು ಹತ್ತುತ್ತದೆ. ನೀರು ಹೋದ ಎಂಜಿನ್ನನ್ನು ಕೊಲ್ಲುವುದು ಬಹಳ ಸಲ ನೀರಲ್ಲ, ಆಮೇಲೆ ಸುಮ್ನೆ ಇಟ್ಟ ದಿನಗಳು. ನಮ್ಮದು ಕಾವೇರಿಯ ಸಿಹಿನೀರು ಅನ್ನುವುದೊಂದೇ ಸಮಾಧಾನ. ಸಮುದ್ರದ ನೀರಾಗಿದ್ದರೆ ನಿನ್ನೆ ರಾತ್ರಿಯೇ ಬಿಚ್ಚಬೇಕಿತ್ತು.

ಇಷ್ಟು ಮಾಡಿ ನನಗೆ ಬರೆಯಿರಿ. ಅಲ್ಲಿಯವರೆಗೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬೇಡಿ. ಭಾವನಿಗೆ ಇವತ್ತೇ ಹೇಳಿ ತಮ್ಮಾ. ಬೇರೆಯವರಿಂದ ಗೊತ್ತಾದರೆ ಅವರಿಗೆ ಜಾಸ್ತಿ ನೋವಾಗುತ್ತದೆ.

---

ಇಲವಾಲ_ಹಿನ್ನೀರು (ಸೋಮವಾರ ರಾತ್ರಿ)

ಮೇಸ್ತ್ರಿ ಅಣ್ಣ, ನಿಮ್ಮ ಋಣ ಹೇಗೆ ತೀರಿಸಲಿ ಗೊತ್ತಿಲ್ಲ. ಹೇಳಿದ ಹಾಗೇ ಮಾಡಿದೆ.

ಭಾವನಿಗೆ ಹೇಳಿದೆ. ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಪಾನಾ ಸೆಟ್ ಅವರೇ ಎತ್ತಿಕೊಂಡು ಶೆಡ್ಡಿಗೆ ಬಂದರು. ಇಬ್ಬರೂ ಸೇರಿ ಮಾಡಿದೆವು.

ನಡುವಿನ, ಅಂದರೆ ಎರಡನೇ ಸಿಲಿಂಡರಿನ ಪ್ಲಗ್ ಬಿಚ್ಚಿದ ಕೂಡಲೇ ತೂತಿನಲ್ಲಿ ನೀರು ಮಿನುಗುತ್ತಿತ್ತು. ಒಂದರಲ್ಲಿ ಸ್ವಲ್ಪ ತೇವ. ಮೂರನೆಯದು ಒಣಗಿತ್ತು. ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಹಿಡಿಯಲಿಲ್ಲ. ಸೆಲ್ಫ್ ಒತ್ತಿದಾಗ ಬಟ್ಟೆ ಸಮೇತ ನೀರು ಶೆಡ್ಡಿನ ತಗಡಿಗೆ ಹೊಡೆಯಿತು. ನಾಲ್ಕನೇ ಸಲಕ್ಕೆ ಬರೀ ಗಾಳಿ. ಆಯಿಲ್ ಬಿಟ್ಟು ತಿರುಗಿಸಿದ್ದೇನೆ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜು ನಮ್ಮ ಊರಿನ ಬೈಕ್ ಮೆಕ್ಯಾನಿಕ್ ಹತ್ತಿರ ಸಿಕ್ಕಿತು. ಒಂದು ಮತ್ತು ಮೂರು ಸಮ ಇವೆ. ಎರಡನೆಯದು 20 ಪಿಎಸ್‌ಐ ಕಡಿಮೆ ತೋರಿಸುತ್ತಿದೆ. ಇದನ್ನು ನೋಡಿ ಭಾವನ ಮುಖ ಸಪ್ಪಗಾಯಿತು. ರಾಡ್ ಬಗ್ಗಿದೆ ಅಂತಲೇ ಅರ್ಥವಾ?

---

ಪಟ್ಟಣದ_ಮೇಸ್ತ್ರಿ

ಹಾಗೇನೂ ಇಲ್ಲ. ಕಂಪ್ರೆಷನ್ ಕಡಿಮೆ ಆಗಲು ಮೂರು ನಾಲ್ಕು ಕಾರಣ ಇರಬಹುದು. ನೀರು ಗೋಡೆಯ ಆಯಿಲ್ ತೊಳೆದುಹಾಕಿರಬಹುದು. ವಾಲ್ವ್ ಸೀಟಿನ ಮೇಲೆ ತೆಳುವಾಗಿ ತುಕ್ಕಿನ ಪೊರೆ ಬಂದಿರಬಹುದು. ರಾಡ್ ಬಗ್ಗಿದೆಯಾ ಅಂತ ತಿಳಿಯಲು ಗೇಜಿಗಿಂತ ಒಳ್ಳೆಯ ದಾರಿ ಇದೆ, ಖರ್ಚೂ ಇಲ್ಲ.

ಬಗ್ಗಿದ ರಾಡ್ ಅಂದರೆ ಗಿಡ್ಡ ಆದ ರಾಡ್. ಆ ಪಿಸ್ಟನ್ ಮಿಕ್ಕ ಎರಡರಷ್ಟು ಮೇಲಕ್ಕೆ ಬರುವುದಿಲ್ಲ. ಅದನ್ನು ಅಳೆದರೆ ಸಾಕು. ವೈರ್ ಕಟ್ಟುವ ಉದ್ದನೆಯ, ಗಟ್ಟಿ ಕೇಬಲ್ ಟೈ ತೆಗೆದುಕೊಳ್ಳಿ. ಬ್ಯಾಟರಿ ಬಿಚ್ಚಿಟ್ಟು, ಪ್ಲಗ್ ತೂತಿನಲ್ಲಿ ಅದನ್ನು ನೇರವಾಗಿ ಇಳಿಸಿ ಪಿಸ್ಟನ್ ತಲೆಗೆ ತಾಗಿಸಿ. ಒಬ್ಬರು ಕಪ್ಲಿಂಗ್ ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಟೈ ಮೇಲೇರುವುದನ್ನು ನೋಡಲಿ. ಏರಿ ಏರಿ, ಕ್ಷಣ ನಿಂತು, ಇಳಿಯಲು ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ತೂತಿನ ಅಂಚಿಗೆ ಸರಿಯಾಗಿ ಬ್ಲೇಡಿನಲ್ಲಿ ಗೀರು ಹಾಕಿ. ಮೂರಕ್ಕೂ ಅದೇ ಟೈ, ಅದೇ ಓರೆ, ಅದೇ ಕೈ. ಗೀರು ಮೂರಕ್ಕೂ ಒಂದೇ ಕಡೆ ಬಂದರೆ ರಾಡ್ ನೆಟ್ಟಗಿದೆ. ಎರಡನೆಯದರಲ್ಲಿ ಒಂದು ಮಿಲಿಮೀಟರ್ ಒಳಗೆ ಹೋದರೂ ನನಗೆ ಹೇಳಿ, ಆಗ ಎಂಜಿನ್ ಬಿಚ್ಚಲೇಬೇಕು.

ಊದುಬತ್ತಿ ಕಡ್ಡಿ, ಪೊರಕೆ ಕಡ್ಡಿ ಹಾಕಬೇಡಿ. ಮೈಸೂರಿನ ಕಡೆ ಕೈಗೆ ಮೊದಲು ಸಿಗುವುದು ಅದೇ, ಅದಕ್ಕೆ ಹೇಳುತ್ತಿದ್ದೇನೆ. ಒಳಗೆ ಮುರಿದರೆ ಇನ್ನೊಂದು ತಲೆನೋವು. ಕಬ್ಬಿಣದ ಕಂಬಿಯೂ ಬೇಡ, ಪಿಸ್ಟನ್ ತಲೆಗೆ ಗೆರೆ ಬೀಳುತ್ತದೆ.

ರಾತ್ರಿಯಾದರೂ ಪರವಾಗಿಲ್ಲ, ಅಳೆದು ಬರೆಯಿರಿ. ನಾನು ಎದ್ದಿರುತ್ತೇನೆ.

---

ಮಲ್ಪೆ_ಕಡಲು

ಮೇಸ್ತ್ರಿಗಳೇ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಇರುವುದು ಬೇರೆ ಕಂಪನಿಯ ಜೆಟ್ ಸ್ಕೀ, ಸೀ-ಡೂ. ಅದರಲ್ಲಿ ಹೊಟ್ಟೆಯೊಳಗೇ ನೀರು ಸೇರುತ್ತಿದೆ. ಎಳೆದೂ ಇಲ್ಲ, ಮಗುಚಿಯೂ ಇಲ್ಲ, ಡ್ರೈನ್ ಪ್ಲಗ್ ಸರಿಯಾಗಿದೆ. ಅರ್ಧ ಗಂಟೆ ಓಡಿಸಿದರೆ ಒಂದು ಬಕೆಟ್ ನೀರು.

---

ಪಟ್ಟಣದ_ಮೇಸ್ತ್ರಿ

ನಿಮ್ಮದು ಬೇರೆ ದಾರಿ. ಡ್ರೈವ್ ಶಾಫ್ಟ್ ದೋಣಿಯ ಹೊಟ್ಟೆಯಿಂದ ಹೊರಗೆ ಹೋಗುವ ಕಡೆ ಕಾರ್ಬನ್ ರಿಂಗ್ ಇದೆ, ಅದನ್ನು ರಬ್ಬರ್ ಬೆಲ್ಲೋಸ್ ಸ್ಟೀಲ್ ಕಾಲರಿಗೆ ಒತ್ತಿ ಹಿಡಿದಿರುತ್ತದೆ. ರಿಂಗ್ ಸವೆದರೆ, ಬೆಲ್ಲೋಸ್ ಸಡಿಲ ಆದರೆ ನೀರು ಒಳಗೆ ಬರುತ್ತದೆ. ಶಾಫ್ಟ್ ತಿರುಗುವಾಗ ಅದು ಸುತ್ತ ಚಿಮ್ಮುವುದರಿಂದ ಹೊಟ್ಟೆಯ ಗೋಡೆಯ ಮೇಲೆ ನೀರಿನ ಗೆರೆ ಕಾಣುತ್ತದೆ. ಅದನ್ನು ಹುಡುಕಿ. ಕೂಲಿಂಗ್ ಹೋಸ್‌ಗಳ ಕ್ಲಿಪ್ಪುಗಳನ್ನೂ ಒಂದೊಂದಾಗಿ ಅಲುಗಾಡಿಸಿ ನೋಡಿ. ನಿಮ್ಮದು ಉಪ್ಪುನೀರು, ಸಣ್ಣ ಸೋರಿಕೆಯನ್ನೂ ಒಂದು ವಾರ ಬಿಡಬೇಡಿ. ಸೆಲ್ಫ್ ಮೋಟಾರ್ ಕೆಳಗಡೆ ಕೂತಿರುತ್ತದೆ, ಮೊದಲು ಹೋಗುವುದು ಅದೇ.

ಇನ್ನೊಂದು. ಗಾಡಿ ಮಗುಚಿದರೆ ಯಾವ ಕಡೆಯಿಂದ ನೆಟ್ಟಗೆ ಮಾಡಬೇಕು ಅಂತ ಹಿಂದುಗಡೆ ಬಾಣದ ಗುರುತಿನ ಸ್ಟಿಕರ್ ಇರುತ್ತದೆ. ಉಲ್ಟಾ ಕಡೆಗೆ ತಿರುಗಿಸಿದರೆ ವಾಟರ್ ಬಾಕ್ಸಿನ ನೀರು ಎಂಜಿನ್‌ಗೆ ಇಳಿಯುತ್ತದೆ. ಸ್ಟಿಕರ್ ಮಾಸಿಹೋಗಿದ್ದರೆ ಪೇಂಟಿನಲ್ಲಿ ಮತ್ತೆ ಬರೆದುಬಿಡಿ.

---

ಇಲವಾಲ_ಹಿನ್ನೀರು (ರಾತ್ರಿ 11:40)

ಅಣ್ಣ, ಗೀರು ಮೂರಕ್ಕೂ ಒಂದೇ ಕಡೆ! ನಾನು ಮೂರು ಸಲ ಅಳೆದೆ, ಭಾವ ಎರಡು ಸಲ ಅಳೆದರು. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಭಾವ ಆ ಕೇಬಲ್ ಟೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು, ಅಕ್ಕನಿಗೆ ತೋರಿಸಲು.

ಮುಂದೆ?

---

ಪಟ್ಟಣದ_ಮೇಸ್ತ್ರಿ

ಓದಿ ಎದೆ ಹಗುರ ಆಯಿತು. ಈಗ ಮಲಗಿ. ನಾಳೆ ಬೆಳಗ್ಗೆ ಆಯಿಲ್ ಕೆಲಸ. ಇಲ್ಲಿ ಜಿಪುಣತನ ಮಾಡಬೇಡಿ.

ಗಾಡಿ ಕೆಳಗೆ ಬೈಕಿನ ಹಾಗೆ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಲು ಆಗುವುದಿಲ್ಲ. ಕಡ್ಡಿಯ ತೂತಿನಿಂದ ಸಣ್ಣ ಪೈಪ್ ಇಳಿಸಿ ಕೈಪಂಪಿನಲ್ಲಿ ಹೀರಬೇಕು. ಹೀರಿ, ಫಿಲ್ಟರ್ ಬದಲಿಸಿ, ಪುಸ್ತಕದಲ್ಲಿ ಹೇಳಿದಷ್ಟೇ ಹೊಸ ಆಯಿಲ್ ಹಾಕಿ. 10ಡಬ್ಲ್ಯೂ-40 ಸಾಕು. ಮೊದಲೆರಡು ಸಲ ತೊಳೆಯಲು ಮಾತ್ರ, ಹಾಗಾಗಿ ದುಬಾರಿ ಆಯಿಲ್ ಬೇಕಿಲ್ಲ, ಗ್ರೇಡ್ ಸರಿ ಇರಲಿ. ಡೀಸೆಲ್ ಹುಯ್ದು ತೊಳೆಯುವುದು ಇದಕ್ಕೆ ಬೇಡ. ಪಂಪ್‌ಸೆಟ್ ನಿಧಾನದ ಎಂಜಿನ್, ತಡೆದುಕೊಳ್ಳುತ್ತದೆ. ಇದು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವ ಎಂಜಿನ್. ಆಯಿಲ್ ದಾರಿಗಳಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳು ಮಾಡಿ ಬೇರಿಂಗ್ ತಿನ್ನುತ್ತದೆ.

ಪೆಟ್ರೋಲನ್ನೂ ನೋಡಬೇಕು. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಒಂದು ಗಂಟೆ ಅಲುಗಾಡಿಸದೆ ಇಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಮಂಡ್ಯದಂಥ ಕಬ್ಬಿನ ಸೀಮೆಯವರಿಗೆ ಎಥನಾಲ್ ಹೊಸ ಮಾತೇನಲ್ಲ. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿ ಆದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪಂಪ್ ಮೊದಲು ಹೀರುವುದು ಆ ತಳದ್ದನ್ನೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ದಡದಲ್ಲಿ ಕ್ಯಾನ್‌ನಿಂದ ಹಾಕಿದಿರಿ ಅಂದಿರಲ್ಲ, ಮಳೆ ಹನಿ ಬಿದ್ದಿರಲೂಬಹುದು.

ಹೊಸ ಪ್ಲಗ್ ಹಾಕಿ. ಕನೆಕ್ಟರ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಕೂರಿಸಿ. ಆಮೇಲೆ ಸ್ಟಾರ್ಟ್.

ಇಲ್ಲಿ ಒಂದು ಕ್ರಮ ಇದೆ, ದಯವಿಟ್ಟು ಗಮನ ಕೊಟ್ಟು ಓದಿ. ನಲ್ಲಿ ಪೈಪನ್ನು ಫ್ಲಶ್ ಜಾಗಕ್ಕೆ (ಎಂಜಿನ್ ಒಳಗೆ ತೊಳೆಯಲು ನೀರು ಕೊಡುವ ಕಡೆ) ಜೋಡಿಸಿ, ನಲ್ಲಿ ಬಿಡಬೇಡಿ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಅದು ಹಿಡಿದ ಮೇಲೆ ನಲ್ಲಿ ಬಿಡಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಎಂಜಿನ್ ನಿಂತಿರುವಾಗ ನಲ್ಲಿ ಬಿಟ್ಟರೆ ಭಾನುವಾರ ಹಗ್ಗ ಕಟ್ಟಿ ಎಳೆದಾಗ ಆದದ್ದೇ ಶೆಡ್ಡಿನಲ್ಲೂ ಆಗುತ್ತದೆ, ಅದೇ ಹೋಸ್, ಅದೇ ವಾಟರ್ ಬಾಕ್ಸ್. ತೊಳೆಯುವ ಕೆಲಸ ನಿಮ್ಮದು ಅಂದಿರಿ. ಇಷ್ಟು ದಿನ ಯಾವ ಕ್ರಮದಲ್ಲಿ ತೊಳೆಯುತ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ನೀರಿಲ್ಲದೆ ಎಂಜಿನ್ 15 ಸೆಕೆಂಡಿಗಿಂತ ಜಾಸ್ತಿ ಓಡಬಾರದು, ಅದಕ್ಕೆ ನಲ್ಲಿ ಹತ್ತಿರ ಒಬ್ಬರು ನಿಂತಿರಲಿ.

ಐದು ನಿಮಿಷ ಓಡಿಸಿ, ಎಂಜಿನ್ ಬೆಚ್ಚಗಾಗಲಿ, ನಿಲ್ಲಿಸಿ, ಆಯಿಲ್ ನೋಡಿ. ಮತ್ತೆ ಕಾಫಿ ಬಣ್ಣ ಬಂದಿರುತ್ತದೆ, ಹೆದರಬೇಡಿ. ಮತ್ತೆ ಹೀರಿ, ಮತ್ತೆ ಹಾಕಿ. ಕಡ್ಡಿಯ ಮೇಲೆ ಆಯಿಲ್ ಜೇನಿನ ಹಾಗೆ ತಿಳಿಯಾಗಿ ಕಾಣುವವರೆಗೆ ಬಿಡಬೇಡಿ. ಸಾಮಾನ್ಯವಾಗಿ ಮೂರು ನಾಲ್ಕು ಸಲ ಆಗುತ್ತದೆ. ಕೊನೆಯ ಸಲ ಫಿಲ್ಟರ್ ಕೂಡ ಹೊಸದು.

ಇಳಿಸಿದ ಆಯಿಲನ್ನು ಕ್ಯಾನಿಗೆ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಚರಂಡಿಗೆ ಬೇಡ, ಹಿನ್ನೀರಿನ ಹತ್ತಿರವಂತೂ ಬೇಡವೇ ಬೇಡ. ಕನ್ನಂಬಾಡಿ ನೀರನ್ನು ಮೈಸೂರು, ಮಂಡ್ಯದವರೂ ಕುಡಿಯುತ್ತಾರೆ, ಬೆಂಗಳೂರಿನವರೂ ಕುಡಿಯುತ್ತಾರೆ.

---

ಇಲವಾಲ_ಹಿನ್ನೀರು (ಬುಧವಾರ ಸಂಜೆ)

ಎರಡು ದಿನದ ಸುದ್ದಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮಂಗಳವಾರ ಬೆಳಗ್ಗೆ ಬಾಟಲಿ ಪರೀಕ್ಷೆ ಮಾಡಿದೆ. ತಳದಲ್ಲಿ ಅರ್ಧ ಬೆರಳಷ್ಟು ಬೇರೆ ಪದರ ಇತ್ತು. ಟ್ಯಾಂಕ್ ಖಾಲಿ ಮಾಡಿ ಒರೆಸಿ ಹೊಸ ಪೆಟ್ರೋಲ್ ಹಾಕಿದೆವು.

ಮಧ್ಯಾಹ್ನ ಸ್ಟಾರ್ಟ್. ಭಾವ ನಲ್ಲಿ ಹತ್ತಿರ ನಿಂತಿದ್ದರು. ಮೊದಲ ಸಲ ಹಿಡಿಯಲಿಲ್ಲ. ಎರಡನೇ ಸಲ ಕೆಮ್ಮಿತು. ಮೂರನೇ ಸಲ ಹಿಡಿಯಿತು! ಬಿಳಿ ಹೊಗೆ ಶೆಡ್ಡು ತುಂಬಿತು, ಹಿಂದಿನಿಂದ ನೀರು ಬಕೆಟ್ ಲೆಕ್ಕದಲ್ಲಿ ಬಂತು. ವಾಟರ್ ಬಾಕ್ಸಿನಲ್ಲಿ ಅಷ್ಟೊಂದು ನೀರು ನಿಂತಿತ್ತು ಅಂತ ಆಗ ಅರ್ಥ ಆಯಿತು. ಒಂದು ನಿಮಿಷದ ನಂತರ ಹೊಗೆ ತೆಳುವಾಯಿತು, ಮೂರೂ ಸಿಲಿಂಡರ್ ಸಮವಾಗಿ ಹೊಡೆಯುವುದು ಕೇಳಿಸಿತು.

ಆಯಿಲ್ ನಾಲ್ಕು ಸಲ ಬದಲಿಸಿದೆ. ಮೂರನೆಯದರಲ್ಲೂ ಸ್ವಲ್ಪ ಮಬ್ಬು ಇತ್ತು, ನಾಲ್ಕನೆಯದು ತಿಳಿ. ಇವತ್ತು ಬಿಸಿ ಎಂಜಿನ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಮತ್ತೆ ನೋಡಿದೆ. ಎರಡನೆಯದು ಈಗ ಬರೀ 5 ಪಿಎಸ್‌ಐ ಕಡಿಮೆ.

ಒಂದು ವಿಷಯ ಒಪ್ಪಿಕೊಳ್ಳಬೇಕು ಅಣ್ಣ. ನೀವು ಕೇಳಿದಿರಲ್ಲ, ಯಾವ ಕ್ರಮದಲ್ಲಿ ತೊಳೆಯುತ್ತಿದ್ದಿರಿ ಅಂತ. ನಾನು ಒಂದು ವರ್ಷದಿಂದ ನಲ್ಲಿ ಬಿಟ್ಟು ಆಮೇಲೆ ಸೆಲ್ಫ್ ಒತ್ತುತ್ತಿದ್ದೆ. ನಡುವೆ ಒಂದು ಹತ್ತು ಸೆಕೆಂಡು ಅಷ್ಟೇ ಇರುತ್ತಿತ್ತು, ಅದಕ್ಕೆ ಉಳಿದಿದೆ ಅನಿಸುತ್ತದೆ. ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಪುಸ್ತಕ ತೆರೆದಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಸೆಲ್ಫ್ ಒತ್ತಿದಾಗ ಒಮ್ಮೊಮ್ಮೆ ಹಲ್ಲು ಕಡಿದ ಹಾಗೆ ಸದ್ದು ಬರುತ್ತದೆ. ಮೊದಲು ಇರಲಿಲ್ಲ.

---

ಪಟ್ಟಣದ_ಮೇಸ್ತ್ರಿ

5 ಪಿಎಸ್‌ಐ ವ್ಯತ್ಯಾಸಕ್ಕೆ ಯೋಚನೆ ಬೇಡ. ಒಂದಕ್ಕೊಂದು 10 ಪರ್ಸೆಂಟ್ ಒಳಗಿದ್ದರೆ ಎಂಜಿನ್ ಚೆನ್ನಾಗಿದೆ ಅಂತಲೇ ಲೆಕ್ಕ.

ಹಲ್ಲು ಕಡಿಯುವ ಸದ್ದು ಕಾರ್ ಬ್ಯಾಟರಿ ಕೊಟ್ಟ ಆ ನಾಲ್ಕು ಹೊಡೆತದ್ದು. ಎಂಜಿನ್ ನಿಂತಿತ್ತು, ಸೆಲ್ಫ್ ನೂಕುತ್ತಿತ್ತು, ಪೆಟ್ಟು ಬಿದ್ದಿದ್ದು ಸೆಲ್ಫಿನ ಗೇರಿಗೆ. ಸೆಲ್ಫ್ ಮೋಟಾರ್ ಬಿಚ್ಚಿ ಅದರ ಹಲ್ಲನ್ನೂ, ಅದು ಕಚ್ಚುವ ಗೇರಿನ ಹಲ್ಲನ್ನೂ ಟಾರ್ಚ್ ಹಾಕಿ ನೋಡಿ. ತುದಿ ಉರುಟಾಗಿದ್ದರೆ ಸೆಲ್ಫಿನ ಗೇರ್ ಬದಲಿಸಿದರೆ ಮುಗಿಯಿತು. ಬಿಚ್ಚಲು ಧೈರ್ಯ ಬಾರದಿದ್ದರೆ ಭಾನುವಾರ ಶ್ರೀರಂಗಪಟ್ಟಣಕ್ಕೆ ತನ್ನಿ, ಒಟ್ಟಿಗೆ ನೋಡೋಣ. ಅದಾಗುವವರೆಗೆ ದಡದಿಂದ ದೂರ ಹೋಗಬೇಡಿ, ನೀರಿನ ನಡುವೆ ಸೆಲ್ಫ್ ಕೈ ಕೊಟ್ಟರೆ ಮತ್ತೆ ಹಗ್ಗ ಕಟ್ಟಬೇಕಾಗುತ್ತದೆ.

ಹತ್ತು ಗಂಟೆ ಓಡಿದ ಮೇಲೆ ಆಯಿಲ್ ಇನ್ನೊಂದು ಸಲ ನೋಡಿ.

---

ಇಲವಾಲ_ಹಿನ್ನೀರು (ಭಾನುವಾರ ರಾತ್ರಿ)

ಪಟ್ಟಣಕ್ಕೆ ಹೋಗಿ ಬಂದೆವು. ಸೆಲ್ಫಿನ ಗೇರಿನಲ್ಲಿ ಎರಡು ಹಲ್ಲಿನ ತುದಿ ಹೋಗಿತ್ತು, ಎಂಜಿನ್ ಕಡೆಯ ಗೇರ್ ಚೆನ್ನಾಗಿದೆ. ಸಾಮಾನು ಬರಲು ಒಂದು ವಾರ. ಮೇಸ್ತ್ರಿ ಅಣ್ಣ ಕೂಲಿ ತೆಗೆದುಕೊಳ್ಳಲಿಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ಒಬ್ಬಟ್ಟು ಮಾತ್ರ ಇಟ್ಟುಕೊಂಡರು.

ಅವರೇ ಕೂಲಿಂಗ್ ಹೋಸ್ ಎಲ್ಲಿದೆ ಅಂತ ತೋರಿಸಿ, ಅದಕ್ಕೆ ಕೆಂಪು ಟೇಪ್ ಸುತ್ತಿಕೊಟ್ಟರು. ಪ್ಲಾಸ್ಟಿಕ್ ಕ್ಲಾಂಪನ್ನು ಸೀಟಿನ ಕೆಳಗೆ ದಾರದಲ್ಲಿ ಕಟ್ಟಿದ್ದೇನೆ. ನಾಳೆ ಬೆಳಗ್ಗೆ ದಡಕ್ಕೆ ಹೋಗಿ, ನಮ್ಮನ್ನು ಎಳೆದು ತಂದ ಮೀನುಗಾರರಿಗೂ ಆ ಟೇಪ್ ತೋರಿಸಿ ಬರುತ್ತೇನೆ.